ಮಗಳು ಶೂಟಿಂಗ್ ಕಲಿಯಬೇಕು ಅಂತಾಳೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪದಕ ಗೆದ್ದದ್ದನ್ನು ನೋಡಿದಾಗಿನಿಂದ ತಾನೂ ಶೂಟಿಂಗ್ ಕಲಿಯಬೇಕು ಅಂತ ಒಂದೇ ಹಟ. ಚನ್ನಗಿರಿ ಹತ್ತಿರ ನನ್ನ ತಮ್ಮನ ಅಡಿಕೆ ತೋಟ ಇದೆ. ಅವನ ಹತ್ತಿರ ಒಂದು ಹಳೇ ಏರ್‌ಗನ್ ಇದೆ. "ರಜೆಗೆ ಕಳಿಸಕ್ಕ, ಬಾಟಲಿ ಇಟ್ಟು ನಾನೇ ಕಲಿಸ್ತೀನಿ" ಅಂತಾನೆ. ನನಗೆ ಭಯ. ಅವಳಿಗೆ ಕನ್ನಡಕ ಬೇರೆ ಇದೆ. ಇದು ಸುರಕ್ಷಿತವೇ? ಲೈಸೆನ್ಸ್ ಬೇಕಾ? ಖರ್ಚು ಎಷ್ಟು? ಶುರುವಿನಲ್ಲೇ ಬೇಜಾರಾಗಿ ಬಿಟ್ಟುಬಿಟ್ಟರೆ?
— ಒಬ್ಬ ತಾಯಿ, ದಾವಣಗೆರೆ

ಉತ್ತರ:

ನಿಮ್ಮ ಭಯ ಸರಿಯಾದದ್ದೇ. "ಏನೂ ಆಗಲ್ಲ ಬಿಡಿ" ಅನ್ನುವವರ ಮಾತು ಕೇಳಬೇಡಿ. ಏರ್‌ಗನ್ ಆಟದ ಸಾಮಾನಲ್ಲ. ಹತ್ತಿರದಿಂದ ಬಡಿದ ಪೆಲೆಟ್, ಅಂದರೆ ಅದರ ಸಣ್ಣ ಗುಂಡು, ಚರ್ಮ ಹರಿದು ಒಳಗೆ ಹೋಗಬಲ್ಲದು. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಆದರೆ ಚೆನ್ನಾಗಿ ನಡೆಸುವ ಶೂಟಿಂಗ್ ರೇಂಜ್‌ನಲ್ಲಿ 10 ಮೀಟರ್ ಏರ್ ಶೂಟಿಂಗ್‌ನಷ್ಟು ಶಾಂತವಾದ ಆಟವನ್ನು ನಾನು ಬೇರೆ ನೋಡಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ ಮೇಲೂ ಅದೇ ನನ್ನ ಅಭಿಪ್ರಾಯ. ಹಾಗಾಗಿ ಕಳಿಸಿ. ಎಲ್ಲಿಗೆ, ಯಾರ ಹತ್ತಿರ ಅನ್ನುವುದನ್ನು ಮಾತ್ರ ನೋಡಿಕೊಂಡು ಕಳಿಸಿ.

ನಾನು ಹುಟ್ಟಿದ್ದು ಕೊಡಗಿನಲ್ಲಿ. ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಚಿಕ್ಕವನಿದ್ದಾಗ ನನಗೂ ಕೋವಿ ಹಿಡಿಯುವ ಆಸೆ. ಅಜ್ಜ ನನ್ನ ಕೈಗೆ ಕೊಟ್ಟದ್ದು ಒಂದು ಕೋಲು. ಇಡೀ ಒಂದು ಮಳೆಗಾಲ ತೋಟದಲ್ಲಿ ಅವರ ಹಿಂದೆ ಆ ಕೋಲು ಹಿಡಿದು ಓಡಾಡಿದೆ. ಅದರ ತುದಿ ಆಳಿನ ಕಡೆಗೋ ನಾಯಿಯ ಕಡೆಗೋ ತಿರುಗಿತು ಅಂದರೆ ಅಜ್ಜ ನಿಂತುಬಿಡುತ್ತಿದ್ದರು. ಬೈಯುತ್ತಿರಲಿಲ್ಲ. ನಾನೇ ನೋಡಿಕೊಂಡು ತುದಿಯನ್ನು ನೆಲಕ್ಕೆ ಇಳಿಸುವವರೆಗೆ ಕಾಯುತ್ತಿದ್ದರು, ಅಷ್ಟೇ. ಮಳೆಗಾಲ ಮುಗಿಯುವ ಹೊತ್ತಿಗೆ ಕೋಲಿನ ತುದಿ ಎಲ್ಲಿದೆ ಅಂತ ನೋಡದೆಯೇ ನನಗೆ ಗೊತ್ತಾಗುತ್ತಿತ್ತು. ಇವತ್ತಿಗೂ ಹೊಸ ಮಕ್ಕಳಿಗೆ ನಾನು ಮೊದಲು ಹೇಳಿಕೊಡುವುದು ಅದನ್ನೇ. ರೇಂಜ್‌ಗೆ ಹೋಗುವ ಮೊದಲಿನ ಒಂದು ವಾರ ನಿಮ್ಮ ಮಗಳಿಗೂ ಇದನ್ನು ಆಡಿಸಿ. ಉದ್ದನೆಯ ಛತ್ರಿ ಸಾಕು. ದಿನಕ್ಕೆ ಹತ್ತು ನಿಮಿಷ ಅದನ್ನು ಹಿಡಿದು ಮನೆಯೆಲ್ಲ ಓಡಾಡಲಿ. ತುದಿ ಯಾರ ಕಡೆಗೂ ತಿರುಗಬಾರದು. ಬೆರಳು ಹಿಡಿಯ ಪಕ್ಕದಲ್ಲಿ ನೇರವಾಗಿರಬೇಕು. ತಪ್ಪಿದಾಗ ಮನೆಯವರು ಸುಮ್ನೆ ನಿಂತುಬಿಡಿ. ಅವಳಿಗೆ ನಗು ಬರುತ್ತದೆ, ಬರಲಿ. ನಾಲ್ಕನೇ ದಿನಕ್ಕೆ ಕೈಗೆ ಅಭ್ಯಾಸವಾಗಿರುತ್ತದೆ.

ಟ್ರಿಗರ್ ಮೇಲೆ ಬೆರಳು ಹೋಗುವುದು ಗುರಿ ಹಿಡಿದ ಮೇಲೆ ಮಾತ್ರ. ಗುರಿಯ ಹಿಂದೆ ಏನಿದೆ ಅಂತ ಮೊದಲೇ ಗೊತ್ತಿರಬೇಕು. ಇವೆರಡನ್ನು ಎಲ್ಲ ಕೋಚ್‌ಗಳೂ ಹೇಳುತ್ತಾರೆ, ಮಕ್ಕಳು ಬೇಗ ಕಲಿಯುತ್ತಾರೆ. ಕಷ್ಟವಾಗುವುದು ಮೂರನೆಯದು: ಯಾವ ಗನ್ನೂ ಖಾಲಿ ಅಲ್ಲ ಅಂತ ನಂಬುವುದು. ಒಂದು ಶಿಬಿರದಲ್ಲಿ ನನ್ನ ಕಣ್ಣೆದುರೇ ನಡೆದದ್ದು ಹೇಳುತ್ತೇನೆ. ಅಭ್ಯಾಸ ಮುಗಿದಿತ್ತು. ಹುಡುಗನೊಬ್ಬ ರೈಫಲ್ಲನ್ನು ಪೆಟ್ಟಿಗೆಗೆ ಇಡುವ ಮೊದಲು "ಖಾಲಿ ಇದೆ ಸಾರ್" ಅಂದ. ಪಾಪ, ಸುಳ್ಳು ಹೇಳಿದ್ದಲ್ಲ, ಹಾಗಂತ ಅವನು ನಂಬಿದ್ದ. ಪೆಲೆಟ್ ಹಾಕಿದ ಮೇಲೆ ಯಾರೋ ಮಾತಾಡಿಸಿದ್ದರು, ಹೊಡೆಯುವುದು ಮರೆತಿದ್ದ. ಟ್ರಿಗರ್ ಒತ್ತಿದ, ಮೇಲಿನ ಶೀಟ್‌ನಲ್ಲಿ ಟಣ್ ಅಂತ ಸದ್ದಾಯಿತು. ನಳಿಗೆ ಮೇಲಕ್ಕಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮನಸ್ಸು ಮರೆತಾಗ ಉಳಿಸಿದ್ದು ನಳಿಗೆಯ ಅಭ್ಯಾಸ. ಒಂದು ಅಭ್ಯಾಸ ತಪ್ಪಿದರೆ ಇನ್ನೊಂದು ಕಾಯಲಿ ಅಂತಲೇ ಇಷ್ಟೊಂದು ನಿಯಮಗಳನ್ನು ಒಂದರ ಮೇಲೊಂದು ಇಟ್ಟಿರುವುದು.

ಇದಕ್ಕಾಗಿಯೇ ರೇಂಜ್‌ಗಳಲ್ಲಿ ಸೇಫ್ಟಿ ಫ್ಲ್ಯಾಗ್ ಬಳಸುತ್ತಾರೆ. ಕಿತ್ತಳೆ ಬಣ್ಣದ ಉದ್ದನೆಯ ಪ್ಲಾಸ್ಟಿಕ್ ದಾರ ಅದು. ನಳಿಗೆಯ ಒಳಗೆ ಹಿಂದಿನಿಂದ ಮುಂದಿನವರೆಗೆ ತೂರಿಸಿರುತ್ತಾರೆ. ದಾರ ಎರಡೂ ಕಡೆ ಕಂಡರೆ ಒಳಗೆ ಪೆಲೆಟ್ ಇರಲು ಜಾಗವೇ ಇಲ್ಲ. ಯಾರ ಮಾತನ್ನೂ ನಂಬಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ.

ನೀವು ರೇಂಜ್ ನೋಡಲು ಹೋದಾಗ ಮೊದಲು ಗಮನಿಸಬೇಕಾದದ್ದೂ ಇದನ್ನೇ. ಕೆಳಗಿಟ್ಟ ರೈಫಲ್‌ಗಳಲ್ಲಿ ಫ್ಲ್ಯಾಗ್ ಇದೆಯಾ? ಯಾರಾದರೂ ಗುರಿ ಬದಲಾಯಿಸಲು ಮುಂದೆ ಹೋದಾಗ ಉಳಿದವರು ಗನ್ ಮುಟ್ಟದೆ ಹಿಂದೆ ನಿಂತಿರುತ್ತಾರಾ? ಕೋಚ್ 'ಸ್ಟಾಪ್' ಅಂದ ಕೂಡಲೇ ಎಲ್ಲರೂ ನಿಲ್ಲಿಸುತ್ತಾರಾ? ಈ ಮೂರು ಸರಿ ಇದ್ದರೆ ಗೋಡೆಯ ಬಣ್ಣ ಉದುರಿದ್ದರೂ ಪರವಾಗಿಲ್ಲ. ಹೊಳೆಯುವ ಟ್ರೋಫಿ ಸಾಲು, ಎಲೆಕ್ಟ್ರಾನಿಕ್ ಟಾರ್ಗೆಟ್ ಎಲ್ಲ ಇದ್ದು ಇವು ಇಲ್ಲದಿದ್ದರೆ ಮಗಳ ಕೈ ಹಿಡಿದು ವಾಪಸ್ ಬನ್ನಿ. ಮೊದಲ ವಾರವೇ ರೈಫಲ್ ಕೊಳ್ಳಿ ಅನ್ನುವ ಕಡೆಯೂ ಬೇಡ. ನಿಮಗೆ ಹತ್ತಿರದ ಕ್ಲಬ್ ಯಾವುದು ಅಂತ ಬೆಂಗಳೂರಿನ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್‌ನಲ್ಲಿ ವಿಚಾರಿಸಿ. ಮುಂದೆ ರಾಜ್ಯ ಮಟ್ಟದ ಸ್ಪರ್ಧೆಗೆ ಹೋಗುವುದಾದರೆ ಅದೇ ದಾರಿ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಆರ್ಮ್ಸ್ ರೂಲ್ಸ್ 2016ರ ಪ್ರಕಾರ ನಳಿಗೆಯ ಅಳತೆ 4.5 ಮಿ.ಮೀ., ಅಂದರೆ 0.177 ಇಂಚು ಮೀರದ, ಶಕ್ತಿ 20 ಜೌಲ್ ಮೀರದ ಏರ್ ರೈಫಲ್ ಮತ್ತು ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಇವೆರಡರಲ್ಲಿ ಒಂದು ಮೀರಿದರೂ ಬೇಕು. ಒಲಿಂಪಿಕ್ಸ್‌ನಲ್ಲಿ ಬಳಸುವ ಏರ್ ರೈಫಲ್‌ನ ಶಕ್ತಿ ಸುಮಾರು 8 ಜೌಲ್ ಅಷ್ಟೇ, ಆದ್ದರಿಂದ ರೇಂಜ್‌ನಲ್ಲಿ ಕಲಿಯಲು ನಿಮಗೆ ಯೋಚನೆ ಬೇಡ. ನಿಮ್ಮ ತಮ್ಮನ ಗನ್ ಎಷ್ಟರದ್ದು ಅಂತ ಮಾತ್ರ ಕೇಳಿ. ಅದು 0.22 ಆಗಿದ್ದರೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ಇನ್ನು ತೋಟದಲ್ಲಿ ಹಕ್ಕಿಗಳಿಗೆ ಹೊಡೆಯುವ ಅಭ್ಯಾಸ ಯಾರಿಗಾದರೂ ಇದ್ದರೆ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾನೂನು ಹಾಗಿರಲಿ. ಗುರಿ ಕಲಿಯುವ ಮಗು ಮೊದಲ ದಿನ ನೋಡುವುದು ಸತ್ತ ಹಕ್ಕಿಯನ್ನು ಆಗಬಾರದು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಈಗ ಖುಷಿಯ ವಿಷಯಕ್ಕೆ ಬರೋಣ. ಮೊದಲ ದಿನವೇ ಬೇಜಾರಾಗಿ ಬಿಡುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಹೆಚ್ಚಿನ ಸಲ ತಪ್ಪು ದೊಡ್ಡವರದೇ. ನಾಲ್ಕೈದು ಕೆ.ಜಿ. ರೈಫಲ್ ಕೈಗೆ ಕೊಟ್ಟು, ನಿಲ್ಲಿಸಿ, 10 ಮೀಟರ್ ದೂರದ ಗುರಿ ತೋರಿಸಿ "ಹೊಡಿ" ಅನ್ನುತ್ತಾರೆ. ಆ ಗುರಿಯ ಅಳತೆ ಗೊತ್ತಾ? ಏರ್ ರೈಫಲ್‌ನ ನಡುವಿನ, 10 ಅಂಕದ ಚುಕ್ಕೆ ಕೇವಲ 0.5 ಮಿ.ಮೀ., ಸಾಸಿವೆ ಕಾಳಿಗಿಂತ ಚಿಕ್ಕದು. ಪೂರ್ತಿ ಗುರಿಯೇ 45.5 ಮಿ.ಮೀ. ಏರ್ ಪಿಸ್ತೂಲಿನ 10 ಸ್ವಲ್ಪ ದೊಡ್ಡದು, 11.5 ಮಿ.ಮೀ., ಅಂದರೆ ಅಂಗಿಯ ಗುಂಡಿಯಷ್ಟು. ಹೊಸ ಮಗು ಹತ್ತು ಸಲ ಹೊಡೆದು ಆರು ಸಲ ಕಾರ್ಡ್‌ಗೇ ತಾಗದಿದ್ದರೆ ಅದಕ್ಕೆ ಏನನ್ನಿಸಬೇಕು ಹೇಳಿ?

ನಾನು ಮಾಡುವುದು ಹೀಗೆ. ಮೊದಲು ಒಂದು ಆಲೂಗಡ್ಡೆಗೆ ನಾನೇ ಹೊಡೆದು ತೋರಿಸುತ್ತೇನೆ. ಪೆಲೆಟ್ ಹೊಕ್ಕ ತೂತನ್ನು ಮಗು ತಾನೇ ಬೆರಳಿಟ್ಟು ನೋಡುತ್ತದೆ. ಆಮೇಲೆ ಯಾವ ಭಾಷಣವೂ ಬೇಕಾಗುವುದಿಲ್ಲ. ನಂತರ ಕುರ್ಚಿ, ಮೇಜು, ಮೇಜಿನ ಮೇಲೆ ಮರಳಿನ ಚೀಲ. ರೈಫಲ್‌ನ ಭಾರವನ್ನೆಲ್ಲ ಚೀಲ ಹೊರುತ್ತದೆ. ಗುರಿಯನ್ನು 5 ಮೀಟರ್‌ಗೆ ತರುತ್ತೇನೆ. ಕಾರ್ಡನ್ನು ತಿರುಗಿಸಿ ಅದರ ಖಾಲಿ ಬಿಳಿ ಬೆನ್ನು ಈ ಕಡೆ ಕಾಣುವಂತೆ ಇಡುತ್ತೇನೆ. ವೃತ್ತ ಇಲ್ಲ, ಅಂಕ ಇಲ್ಲ. "ಈ ಬಿಳಿಯ ಮಧ್ಯಕ್ಕೆ ಐದು ಹೊಡಿ. ಎಲ್ಲಿ ಬಿದ್ದರೂ ಸರಿ, ಐದೂ ಒಂದೇ ಕಡೆ ಬೀಳಲಿ." ಇದಕ್ಕೆ ನಾವು ಗ್ರೂಪಿಂಗ್ ಅನ್ನುತ್ತೇವೆ. ಐದು ತೂತು ಒಂದಕ್ಕೊಂದು ತಾಗಿ ಒಂದೇ ತೂತಾದಾಗ ಆ ಮುಖ ನೋಡಬೇಕು! ಗುರಿಯ ಯಾವ ಮೂಲೆಗೆ ಬಿತ್ತು ಅನ್ನುವುದು ದೊಡ್ಡ ವಿಷಯವಲ್ಲ. ಗುರಿ ನೋಡಲು ಗನ್ ಮೇಲಿರುವ ಸೈಟ್‌ನ ತಿರುಪನ್ನು ಬೇಕಾದಷ್ಟು ಕ್ಲಿಕ್ ತಿರುಗಿಸಿದರೆ ಗ್ರೂಪ್ ಮಧ್ಯಕ್ಕೆ ಬರುತ್ತದೆ. ಐದೂ ಚೆದುರಿದರೆ ಮಾತ್ರ ಯಾವ ತಿರುಪೂ ಸಹಾಯಕ್ಕೆ ಬರುವುದಿಲ್ಲ.

ಮೊದಲ ದಿನ 30 ಪೆಲೆಟ್ ಸಾಕು. ಮುಕ್ಕಾಲು ಗಂಟೆಗೆ ನಿಲ್ಲಿಸಿಬಿಡುತ್ತೇನೆ. "ಇನ್ನೊಂದೈದು ಸಾರ್" ಅಂತ ಗೋಗರೆಯುವಾಗಲೇ ನಿಲ್ಲಿಸಬೇಕು. ಸುಸ್ತಾದ ಕಣ್ಣು, ಸುಸ್ತಾದ ಕೈ ತಪ್ಪನ್ನೇ ಅಭ್ಯಾಸ ಮಾಡಿಕೊಳ್ಳುತ್ತವೆ. ಎಚ್ಚರ ತಪ್ಪುವುದೂ ಆ ಹೊತ್ತಿನಲ್ಲೇ.

ನೀವು ಸುರಕ್ಷತೆ ಮತ್ತು ಖುಷಿ ಎರಡನ್ನೂ ಬೇರೆಬೇರೆಯಾಗಿ ಕೇಳಿದ್ದೀರಿ. ಈ ಆಟದಲ್ಲಿ ಎರಡೂ ಒಂದೇ ಜಾಗದಿಂದ ಬರುತ್ತವೆ. ನಳಿಗೆ ಎಲ್ಲಿದೆ, ಬೆರಳು ಎಲ್ಲಿದೆ, ಉಸಿರು ಎಲ್ಲಿದೆ ಅಂತ ಪ್ರತಿ ಕ್ಷಣ ಗೊತ್ತಿರುವ ಮಗುವೇ 10 ಹೊಡೆಯುವುದು. ನಿಧಾನವಾಗಿ ಟ್ರಿಗರ್ ಒತ್ತುವ ಬೆರಳೂ, ಬೇಡವಾದಾಗ ಟ್ರಿಗರ್ ಮುಟ್ಟದ ಬೆರಳೂ ಒಂದೇ ಅಲ್ವಾ? ಅದಕ್ಕೇ ನಿಯಮಗಳನ್ನು ಹೆದರಿಸುವ ದನಿಯಲ್ಲಿ ಹೇಳುವ ಕೋಚ್‌ಗಳು ನನಗೆ ಇಷ್ಟವಿಲ್ಲ. ಹೆದರಿದ ಮಗು ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುತ್ತದೆ.

ಕೈ ನಡುಗುವ ಬಗ್ಗೆ ಒಂದು ಮಾತು. ಪಿಸ್ತೂಲು ಹಿಡಿದ ಮೊದಲ ದಿನ ಎಲ್ಲ ಮಕ್ಕಳೂ "ಕೈ ಅಲುಗ್ತಿದೆ, ನನಗೆ ಆಗಲ್ಲ" ಅನ್ನುತ್ತಾರೆ. ಎಲ್ಲರ ಕೈಯೂ ಅಲುಗುತ್ತದೆ, ಒಲಿಂಪಿಕ್ಸ್ ಆಡುವವರದ್ದೂ. ಲೆಕ್ಕ ನೋಡಿ. ಪಿಸ್ತೂಲಿನ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ಸುಮಾರು 33 ಸೆಂ.ಮೀ. ಅಂತರ. ಇಡೀ ಕೈ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ ಗುರಿಯಲ್ಲೂ ಒಂದೇ ಮಿ.ಮೀ. ಸರಿಯುತ್ತದೆ, 10 ಅನ್ನುವುದು 10 ಆಗಿಯೇ ಉಳಿಯುತ್ತದೆ. ಆದರೆ ಮಣಿಕಟ್ಟು ತಿರುಗಿ ಮುಂದಿನ ಸೈಟ್ ಮಾತ್ರ ಒಂದು ಮಿ.ಮೀ. ಸರಿದರೆ, 10 ಮೀಟರ್ ಆಚೆ ಅದು ಸುಮಾರು 30 ಮಿ.ಮೀ. ಆಗುತ್ತದೆ. 10 ಆಗಬೇಕಿದ್ದದ್ದು 7ಕ್ಕೆ ಬೀಳುತ್ತದೆ. ಹಾಗಾಗಿ ನೋಡಬೇಕಾದದ್ದು ಮುಂದಿನ ಸೈಟನ್ನು. ಅದು ಸ್ಪಷ್ಟವಾಗಿ ಕಾಣಲಿ, ಗುರಿ ಮಸುಕಾಗಿದ್ದರೂ ಪರವಾಗಿಲ್ಲ. ಈ ಒಂದು ಲೆಕ್ಕ ಹೇಳಿದ ಮೇಲೆ ಎಷ್ಟೋ ಮಕ್ಕಳ ಭುಜ ಸಡಿಲಾಗಿದ್ದನ್ನು ನೋಡಿದ್ದೇನೆ.

ಇನ್ನೊಂದು, ಹೊಡೆದ ಕೂಡಲೇ ತಲೆ ಎತ್ತಿ ನೋಡುವ ಆತುರ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. 10 ಮೀಟರ್ ದಾಟಲು ಅದಕ್ಕೆ ಬೇಕಾದದ್ದು ಒಂದು ಸೆಕೆಂಡಿನ ನೂರರಲ್ಲಿ ಆರು ಭಾಗ. ಪೆಲೆಟ್ ನಳಿಗೆ ಬಿಡುವ ಮೊದಲೇ ತಲೆ, ಭುಜ ಅಲುಗಿದರೆ ಹೊಡೆತ ಕೆಡುತ್ತದೆ. ಟ್ರಿಗರ್ ಒತ್ತಿದ ಮೇಲೂ ಎರಡು ಎಣಿಸುವಷ್ಟು ಹೊತ್ತು ಹಾಗೇ ಇರಲು ಹೇಳಿಕೊಡುತ್ತೇವೆ. ಫಾಲೋ ಥ್ರೂ ಅಂದರೆ ಇದೇ.

ಕನ್ನಡಕದ ಬಗ್ಗೆ ಚಿಂತೆ ಬಿಡಿ. ಕನ್ನಡಕ ಹಾಕಿಕೊಂಡು ಹೊಡೆಯುವವರು ಈ ಆಟದಲ್ಲಿ ಬಹಳ ಜನ. ನಂಬರ್ ಸರಿ ಇದೆಯಾ ಅಂತ ಒಮ್ಮೆ ತೋರಿಸಿಕೊಂಡು ಬನ್ನಿ. ಅವಳ ಮುಖ್ಯ ಕಣ್ಣು, ಅಂದರೆ ನೋಡುವಾಗ ಮೆದುಳು ಹೆಚ್ಚು ನೆಚ್ಚುವ ಕಣ್ಣು, ಯಾವುದು ಅಂತ ಮನೆಯಲ್ಲೇ ನೋಡಬಹುದು. ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು, ಗೋಡೆ ಗಡಿಯಾರವನ್ನು ಆ ಕಿಂಡಿಯಲ್ಲಿ ನೋಡಲಿ. ಈಗ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯವಾಗುತ್ತದೋ ಅದೇ ಮುಖ್ಯ ಕಣ್ಣು. ಬಲಗೈಯವಳಾಗಿದ್ದು ಎಡಗಣ್ಣು ಮುಖ್ಯವಾಗಿದ್ದರೆ ಕೋಚ್‌ಗೆ ಮೊದಲೇ ಹೇಳಿ. ಗುರಿ ನೋಡುವಾಗ ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಳ್ಳುವುದು ಬೇಡ, ಮುಖದ ಸ್ನಾಯು ಸೋಲುತ್ತದೆ. ಕನ್ನಡಕದ ಆ ಗಾಜಿನ ಮುಂದೆ ಬಿಳಿ ಕಾಗದದ ತುಂಡು ಅಂಟಿಸಿದರೆ ಸಾಕು.

ಮೈಕಟ್ಟು, ವಯಸ್ಸು ಇಲ್ಲಿ ಅಷ್ಟಾಗಿ ಅಡ್ಡ ಬರುವುದಿಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಮುಖದ ಒಂದು ಕಡೆಯ ಸ್ನಾಯುಗಳು ಸೋತವು. ಅಲ್ಲಿಂದ ಚೇತರಿಸಿಕೊಂಡು 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಪಿಸ್ತೂಲು ಹಿಡಿದರು. ದಿವ್ಯಾ ಟಿ.ಎಸ್. ಮೊದಲು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವರು. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದರು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ತಾವು ಒಲಿಂಪಿಕ್ಸ್ ಆಡಿದ್ದಷ್ಟೇ ಅಲ್ಲ, ಗಾಲಿಕುರ್ಚಿಯಲ್ಲಿ ಕುಳಿತು ಗುರಿ ಹಿಡಿಯುವ ಅವನಿ ಲೇಖರಾ ಅವರನ್ನು ಪ್ಯಾರಾಲಿಂಪಿಕ್ಸ್ ಚಿನ್ನದವರೆಗೆ ತರಬೇತುಗೊಳಿಸಿದರು. ಮಗಳಿಗೆ ಮನು ಭಾಕರ್ ಕಥೆಯ ಜೊತೆ ಇವರ ಕಥೆಗಳನ್ನೂ ಹೇಳಿ. ಮನು ಅವರದ್ದೇ ಹೇಳುವುದಾದರೆ ಟೋಕಿಯೊದಲ್ಲಿ ಪಿಸ್ತೂಲು ಕೈಕೊಟ್ಟ ಕಥೆಯಿಂದ ಶುರು ಮಾಡಿ. ಪ್ಯಾರಿಸ್‌ನ ಎರಡು ಕಂಚು ಅದಾದ ಮೇಲೆ ಬಂದದ್ದು.

ಒಂದು ಎಚ್ಚರಿಕೆ ಮಾತ್ರ ಇದೆ. 13 ವರ್ಷದ ಬೆನ್ನು ಇನ್ನೂ ಬೆಳೆಯುತ್ತಿರುತ್ತದೆ. ನಿಂತು ರೈಫಲ್ ಹೊಡೆಯುವಾಗ ಸೊಂಟ ಒಂದು ಕಡೆ ಬಾಗುತ್ತದೆ. ಮೊದಲ ಕೆಲವು ತಿಂಗಳು ಆಸರೆ ಇಟ್ಟೇ ಹೊಡೆಯಲಿ. ಬೆನ್ನು, ಹೊಟ್ಟೆಯ ವ್ಯಾಯಾಮ ಜೊತೆಗಿರಲಿ. ನೋವು ಅಂದರೆ ಅವತ್ತು ರಜೆ. ಪಿಸ್ತೂಲು ಒಂದು ಕೆ.ಜಿ. ಆಸುಪಾಸು ಇರುತ್ತದೆ, ಆದರೆ ಒಂದೇ ಕೈಯಲ್ಲಿ ಹಿಡಿಯಬೇಕು. ಎರಡನ್ನೂ ಒಂದೆರಡು ವಾರ ನೋಡಲಿ, ಆಮೇಲೆ ಅವಳೇ ಆರಿಸಿಕೊಳ್ಳಲಿ.

ಪೆಲೆಟ್ ಸೀಸದ್ದು ಅನ್ನುವುದನ್ನು ತುಂಬಾ ಜನ ಮರೆಯುತ್ತಾರೆ. ಹಳೆಯ ಕಾಲದವರು ಪೆಲೆಟ್‌ಗಳನ್ನು ಬಾಯಲ್ಲಿಟ್ಟುಕೊಂಡು ಒಂದೊಂದೇ ತೆಗೆದು ಹಾಕುತ್ತಿದ್ದರು. ಅದನ್ನು ಯಾವತ್ತೂ ಮಾಡಬಾರದು. ರೇಂಜ್ ಒಳಗೆ ಚಕ್ಕುಲಿ, ಬಿಸ್ಕತ್ತು ಏನೂ ತಿನ್ನುವಂತಿಲ್ಲ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಡಬ್ಬಿ ತೆರೆಯಬೇಕು.

ಖರ್ಚಿಗೆ ಬಂದರೆ, ಮೊದಲ ಆರು ತಿಂಗಳು ಕ್ಲಬ್‌ನ ರೈಫಲ್ಲೇ ಸಾಕು. ಹೊರದೇಶದ ಒಳ್ಳೆಯ ಸ್ಪರ್ಧಾ ರೈಫಲ್‌ಗೆ ಎರಡು ಲಕ್ಷದ ಮೇಲಾಗುತ್ತದೆ. ಆಸೆ ಆರು ತಿಂಗಳು ನಿಂತರೆ ಆಗ ಯೋಚಿಸಿ. ದಪ್ಪ ಕ್ಯಾನ್ವಾಸ್ ಜಾಕೆಟ್ಟೂ ಈಗ ಬೇಡ. ಅಡಿ ಸಮತಟ್ಟಾದ ಶೂ, ಕಣ್ಣಿಗೆ ರಕ್ಷಣೆ ಕೊಡುವ ಕನ್ನಡಕ, ಒಂದು ನೋಟ್‌ಬುಕ್, ಇಷ್ಟು ತೆಗೆದುಕೊಳ್ಳಿ.

ಕೊನೆಗೆ ನಿಮ್ಮ ತಮ್ಮನ ವಿಷಯ. ಅವರಿಗೆ ಬೇಸರ ಮಾಡಬೇಡಿ, ಅಕ್ಕನ ಮಗಳಿಗೆ ಕಲಿಸಬೇಕು ಅನ್ನುವ ಪ್ರೀತಿ ಅದು. ಆದರೆ ಬಾಟಲಿ ಖಂಡಿತ ಬೇಡ. ಗಾಜಿನ ಚೂರು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗುವುದಿಲ್ಲ, ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರೂ ಇರುತ್ತಾರೆ. ಕಲ್ಲು, ಸಿಮೆಂಟ್ ಗೋಡೆಗೆ ಬಡಿದ ಪೆಲೆಟ್ ವಾಪಸ್ ಸಿಡಿಯುತ್ತದೆ. ಗುರಿ ತಪ್ಪಿದರೆ ನೂರಾರು ಮೀಟರ್ ದೂರ ಹೋಗಬಲ್ಲದು, ಅಡಿಕೆ ಮರದ ಸಂದಿಯಲ್ಲಿ ಯಾರಿದ್ದಾರೆ ಅಂತ ಕಾಣುವುದಿಲ್ಲ. ಹಳೆಯ ಮಡಚುವ ಏರ್‌ಗನ್ ಆಗಿದ್ದರೆ ಇನ್ನೊಂದು ಅಪಾಯ ಇದೆ. ನಳಿಗೆ ಬಗ್ಗಿಸಿ ಪೆಲೆಟ್ ಹಾಕುವಾಗ ಕೈ ಜಾರಿದರೆ ಅದು ಪಟ್ ಅಂತ ಮೇಲಕ್ಕೆ ಹೊಡೆಯುತ್ತದೆ, ಬೆರಳು ಸಿಕ್ಕಿಕೊಂಡರೆ ಮುರಿಯಬಹುದು. ಅಂಥ ಗನ್ನನ್ನು ಪೆಲೆಟ್ ಇಲ್ಲದೆ ಸುಮ್ನೆ ಟ್ರಿಗರ್ ಎಳೆದು ಆಡಿಸಿದರೆ ಒಳಗಿನ ಪಿಸ್ಟನ್ ಬಡಿದು ಗನ್ನೂ ಹಾಳಾಗುತ್ತದೆ.

ಅದಕ್ಕೆ ನನ್ನ ಸಲಹೆ ಇಷ್ಟು. ಮೊದಲ ದಿನ ರೇಂಜ್‌ಗೆ ಹೋಗುವಾಗ ಅವಳ ಸೋದರಮಾವನನ್ನೂ ಕರೆದುಕೊಂಡು ಹೋಗಿ. ಗೆರೆಯ ಹಿಂದಿನ ಕುರ್ಚಿಯಲ್ಲಿ ಕುಳಿತು ಅವರೂ ಎಲ್ಲ ನೋಡಲಿ. ಎರಡು ಮೂರು ತಿಂಗಳಾದ ಮೇಲೆ ತೋಟದಲ್ಲಿ ಆಳೆತ್ತರದ ಮಣ್ಣಿನ ದಿಬ್ಬದ ಮುಂದೆ, ಕಾಗದದ ಗುರಿ ಇಟ್ಟು, ಇಬ್ಬರೂ ಕಣ್ಣಿಗೆ ರಕ್ಷಣೆ ಹಾಕಿಕೊಂಡು ಹೊಡೆಯಬಹುದು. ಗನ್ ಬೀರುವಿನಲ್ಲಿ ಬೀಗ ಹಾಕಿರಲಿ, ಪೆಲೆಟ್ ಡಬ್ಬಿ ಬೇರೆ ಕಡೆ ಇರಲಿ. ಅಷ್ಟು ಹೊತ್ತಿಗೆ "ಮಾವ, ನಳಿಗೆ ಈ ಕಡೆ ತಿರುಗಿದೆ" ಅಂತ ನಿಮ್ಮ ಮಗಳೇ ಅವರಿಗೆ ಹೇಳುತ್ತಾಳೆ.

ಮೊದಲ ದಿನದ ಬಿಳಿ ಕಾರ್ಡನ್ನು ಮಾತ್ರ ಎಸೆಯಬೇಡಿ. ಅದರ ಮೇಲೆ ತಾರೀಖು ಬರೆದು ಆ ನೋಟ್‌ಬುಕ್‌ನ ಮೊದಲ ಪುಟಕ್ಕೆ ಅಂಟಿಸಿಡಿ.